ಶಿಬಿರದ ಹೊಸ ಹೆಸರು

ಸೇನಾ ಶಿಬಿರಕ್ಕೆ ಹುತಾತ್ಮ ಹವಾಲ್ದಾರ್ ಬಸಲಿಂಗನ ಹೆಸರಿಡಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಅವನ ಹೆಂಡತಿ ಗುರವ್ವನ ಒಪ್ಪಿಗೆ ಕೇಳಲು ಶಿಬಿರದ ಕರ್ನಲ್ ಅವಳ ಮನೆಗೆ ಬಂದಿದ್ದ. ಹಿಮ ಕುಸಿಯುತ್ತಿದ್ದ ದಾರಿಗೆ ಬಸಲಿಂಗನನ್ನು ಕಳಿಸಿದವನು ಈತನೇ. ಅಂದಿನಿಂದ ಆ ಹೆಸರು ಈತನ ನಾಲಗೆಯ ಮೇಲೆ ಬಂದಿರಲಿಲ್ಲ.

"ನಿಮ್ಮ ಯಜಮಾನರ ಹೆಸರು ಬೇಡ ಅನ್ನಿಸಿದರೆ ಹೇಳಿಬಿಡಿ ತಾಯಿ, ಬೇರೆಯವರದ್ದು ಇಡ್ತೀವಿ," ಎಂದ, ಬೇಡ ಅನ್ನಲಿ ಎಂದು ಒಳಗೊಳಗೇ ಹಾರೈಸುತ್ತ.

ಗುರವ್ವ ಚಹಾದ ಬಟ್ಟಲು ಮುಂದಿಟ್ಟಳು. "ದಾರಿ ಸರಿ ಇಲ್ರಿ ಸಾಹೇಬ್ರ ಅಂತ ಅವರು ಅವತ್ತು ಅಂದಿದ್ರಂತಲ್ಲ?"

ಕರ್ನಲ್ ಬಟ್ಟಲು ಮುಟ್ಟಲಿಲ್ಲ.

"ನಾ ಫೋನ್ ಹಚ್ಚಿದಾಗೆಲ್ಲ ಅಲ್ಲಿ ಎತ್ತಿದವರು ಮೊದಲು ಶಿಬಿರದ ಹೆಸರು ಹೇಳ್ತಿದ್ರು. ಈಗೂ ಹಂಗ ಏನ್ರಿ?"

"ಹೌದು. ಯಾರೇ ಎತ್ತಲಿ, ಹೆಸರು ಹೇಳಲೇಬೇಕು."

"ನೀವೂ?"

"ನಾನೂ."

"ಹಂಗಾದ್ರ ಅವರ ಹೆಸರೇ ಇಡ್ರಿ."