ಮೂರನೇ ಮಹಡಿಯ ನಾನೂರು ಯೂನಿಟ್

ಲೆಕ್ಕದಲ್ಲಿ ನಾನು ಯಾವತ್ತೂ ತಪ್ಪಿದವನಲ್ಲ... ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ದಾವಣಗೆರೆಯಲ್ಲಿ ನಮ್ಮದು ಇಪ್ಪತ್ನಾಲ್ಕು ಮನೆಗಳ ಅಪಾರ್ಟ್‌ಮೆಂಟ್. ನಾನು ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು, ಮೇಲಾಗಿ ಸಂಘದ ಕಾರ್ಯದರ್ಶಿ. ಕೇಳಬೇಕೇ...

ಹೋದ ವರ್ಷ ಮಾರ್ಚ್‌ನಲ್ಲಿ, ಯಾವ ಮನೆಯಿಂದ ಎಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತೆ ಅಂತ ಲೆಕ್ಕ ಹಾಕಲು ಕೂತೆ.

ಒಂದು ಯೂನಿಟ್ ಕರೆಂಟಿಗೆ ಸುಮಾರು ಮುಕ್ಕಾಲು ಕೆಜಿ. ಒಂದು ಗ್ಯಾಸ್ ಸಿಲಿಂಡರಿಗೆ ನಲವತ್ತೆರಡು ಕೆಜಿ.

ಮೀಟರ್‌ಗಳೆಲ್ಲ ಕೆಳಗೆ ಪಾರ್ಕಿಂಗ್‌ನಲ್ಲೇ ಇದ್ದವು. ಸಿಲಿಂಡರ್ ಎಷ್ಟು ಬಂತು ಅಂತ ವಾಚ್‌ಮನ್ ಹೇಳಿದ. ಯಾರ ಮನೆಗೂ ಹತ್ತಿ ಹೋಗಲಿಲ್ಲ.

ಮೂರನೇ ಮಹಡಿಯಲ್ಲಿ ಕೊಟ್ರೇಶ್, ಶಿವಲೀಲಾ ದಂಪತಿ. ಇಬ್ಬರೇ ಇದ್ದು ತಿಂಗಳಿಗೆ ನಾನೂರು ಯೂನಿಟ್...

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದೇಬಿಟ್ಟೆ. "ಮೂರನೇ ಮಹಡಿಯ ಕೊಟ್ರೇಶ್ ಅವರೇ, ಭೂಮಿ ನಿಮ್ಮೊಬ್ಬರದ್ದಲ್ಲ."

ಹದಿನೆಂಟು ಜನ ಲೈಕ್ ಒತ್ತಿದರು. ನಾನು ಬೀಗಿದೆ.

ಈ ವರ್ಷ ನೋಡಿದರೆ ಅದೇ ಮನೆಯಲ್ಲಿ ಬರೀ ಐವತ್ತು ಯೂನಿಟ್. ನನ್ನ ಮಾತು ನಾಟಿದೆ ಅಂದುಕೊಂಡೆ.

ಪರಿಸರ ದಿನದಂದು ಶಿವಲೀಲಾ ಅವರನ್ನು ಮುಂದೆ ಕರೆದು ಮೈಕ್ ಕೊಟ್ಟೆ. "ಹೇಗೆ ಇಷ್ಟು ಇಳಿಸಿದ್ರಿ, ಎಲ್ಲರಿಗೂ ಹೇಳಿ ತಾಯಿ."

ಅವರು ಮೈಕ್ ತೆಗೆದುಕೊಂಡರು.

"ನಮ್ಮನೆಯವರಿಗೆ ಶ್ವಾಸಕೋಶದ ಕಾಯಿಲೆ ಇತ್ರಿ ಸರ್. ಆಕ್ಸಿಜನ್ ಮಷೀನು ಇಡೀ ದಿನ ಓಡಬೇಕಿತ್ತು..."

"ನಿಮ್ಮ ಮೆಸೇಜ್ ಓದಿದ ಮ್ಯಾಲೆ ಅವರು ಫ್ಯಾನ್ ಹಾಕಾಕ ಬಿಡ್ಲಿಲ್ಲ. 'ಅದೊಂದಾದ್ರೂ ಉಳೀಲಿ' ಅಂದ್ರು. ಬೇಸಿಗೆ ಪೂರ್ತಿ ನಾನು ರಟ್ಟಿನಾಗ ಗಾಳಿ ಬೀಸ್ತಿದ್ದೆ."

"ದೀಪಾವಳಿ ಹೊತ್ತಿಗೆ ಊರಿಗೆ ಕರ್ಕೊಂಡು ಹೋದೆ... ಅಲ್ಲೇ ತೀರಿಕೊಂಡ್ರು. ನಾನೇನೂ ಉಳಿಸಿಲ್ರಿ ಸರ್. ಮಷೀನು ಬಂದ್ ಆತು, ಅಷ್ಟ."

ಎದುರಿಗೆ ಕೂತವರೆಲ್ಲ ತಲೆ ತಗ್ಗಿಸಿದರು. ಒಂದೇ ಲಿಫ್ಟಿನಲ್ಲಿ ಓಡಾಡುವ ನಮ್ಮಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

"ತಪ್ಪಾಯ್ತು ತಾಯಿ" ಅಂದೆ. ಅಷ್ಟು ಜನರ ಮುಂದೆ ಅತ್ತುಬಿಟ್ಟೆ.

"ನಿಮ್ಮ ಲೆಕ್ಕ ಸರಿ ಐತ್ರಿ ಸರ್" ಅಂದರು ಅವರು, ನನ್ನನ್ನೇ ಸಮಾಧಾನ ಮಾಡುವವರ ಹಾಗೆ. "ಆದ್ರ ನಮ್ಮನೆ ಮೀಟರ್ ಹಂಗೇ ಓಡ್ತಾ ಇರಬೇಕಿತ್ತು..."

ಲೆಕ್ಕ ಹಾಕಬೇಕು, ಖಂಡಿತ ಹಾಕಬೇಕು... ಆದರೆ ಬಾಗಿಲು ತಟ್ಟಿ, ಒಳಗಿರುವವರನ್ನು ಮಾತಾಡಿಸಿದ ಮೇಲೆ.

ನಿಮ್ಮ ಪಕ್ಕದ ಮನೆಯವರು ಹೇಗಿದ್ದಾರೆ ಅಂತ ನೀವು ಕೊನೆಯ ಸಲ ಕೇಳಿದ್ದು ಯಾವಾಗ?