ನಲವತ್ತು ಜನರ ಕಡಗ

ರಾತ್ರಿ ಎರಡಕ್ಕೆ ನನ್ನ ಡಾಕ್ಟರ್ ಗಂಡನ ಕೈಯ ಕಡಗ ಟಿಕ್ ಎಂದಿತು. ಈಗ ಪ್ರತಿ ವೈದ್ಯರಿಗೂ ನಲವತ್ತೇ ರೋಗಿಗಳು. ಅವರೆಲ್ಲರ ಉಸಿರು, ಎದೆಬಡಿತ ಆ ಕಡಗಕ್ಕೆ ಬರುತ್ತವೆ. ಮನೆಯವರನ್ನು ಮಾತ್ರ ಪಟ್ಟಿಗೆ ಸೇರಿಸುವಂತಿಲ್ಲ.

"ವಿಮಲಾಕ್ಷಿಗೆ ಉಬ್ಬಸ. ನೀನು ಮಲಕ್ಕೊ" ಎಂದು ಶರ್ಟು ಹಾಕಿಕೊಂಡು ಹೊರಟರು.

ಸತತ ನಾಲ್ಕನೇ ರಾತ್ರಿ, ಅದೇ ರೋಗಿ. ಅವಳ ಉಸಿರು ತುಸು ತಪ್ಪಿದರೂ ಇವರಿಗೆ ತಿಳಿಯುತ್ತದೆ. ಪಕ್ಕದಲ್ಲೇ ಎಚ್ಚರವಾಗಿರುವ ನನ್ನದು ತಿಳಿಯುವುದಿಲ್ಲ.

ನನ್ನ ಫೋನ್ ಬಡಿದುಕೊಂಡಿತು. ನನ್ನ ವೈದ್ಯರು, ಪಕ್ಕದ ಬಡಾವಣೆಯ ಪಾಲಾಕ್ಷಪ್ಪ.

"ನಾಲ್ಕು ದಿನದಿಂದ ಎರಡು ಗಂಟೆಗೇ ಎದೆ ಹೊಡ್ಕೊಳ್ತಿದೆಯಲ್ಲಮ್ಮಾ, ಏನ್ ವಿಷ್ಯ?"

ಅವರ ಹಿಂದಿನಿಂದ ಹೆಣ್ಣುದನಿ ಕೇಳಿತು: "ಮತ್ತೆ ಅವಳೇನಾ?"

ನಾನು ಬೇಗ ಮುಗಿಸಲಿಲ್ಲ. ಬೆನ್ನುನೋವಿನಿಂದ ಶುರುಮಾಡಿ ನಿಧಾನವಾಗಿ ಹೇಳುತ್ತಾ ಹೋದೆ. ಗಂಡನಿಗಿರಲಿ, ಈ ಕರೆಯ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿರ್ಧರಿಸಿದೆ.