ಉಸ್ತಾದರ ಜವಾಬು

ಟೇಪ್ ರೆಕಾರ್ಡರಿನಿಂದ ಎಂಜಿನ್ನಿನ ಸದ್ದು ಹೊರಟಿದ್ದೇ ತಡ, ಅಬ್ದುಲ್ ಗನಿ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಕಣ್ಣು ಮುಚ್ಚಿದರು. ಎಂಜಿನ್ನು ಕುವೈತಿನದು. ಅದನ್ನು ರೆಕಾರ್ಡ್ ಮಾಡಿ ಕಳಿಸಿದವನು ಬೀರಣ್ಣ; ಜೇವರ್ಗಿಯ ಇದೇ ಶೆಡ್ಡಿನಲ್ಲಿ ಗನಿಯವರ ಕೈಕೆಳಗೆ ಒಂಬತ್ತು ವರ್ಷ ಪಂಪಿನ ಎಂಜಿನ್ನು ಬಿಚ್ಚಿ ಕೂಡಿಸಿ ಕಲಿತು, ನಾಲ್ಕು ವರ್ಷದ ಹಿಂದೆ ಅಲ್ಲಿಗೆ ಹೋದವನು. ಟೇಪು ಹೊತ್ತು ತಂದು ಎದುರಿಗೆ ಕೂತವಳು ಅವನ ಹೆಂಡತಿ ಮಲ್ಕಮ್ಮ.

ಸದ್ದು ನಿಂತು ಬೀರಣ್ಣನ ದನಿ ಬಂತು. "ಉಸ್ತಾದ್, ಈಗ ಚಲೋ ನಡದದ. ಬೇರಿಂಗ್ ಹೋಗ್ಯಾದಂತ ನಾ ಹೋದ ಕ್ಯಾಸೆಟ್ಟಿನ್ಯಾಗೇ ಹೇಳಿದ್ದೆ. ಇಟಲಿ ಸಾಹೇಬ ದಿನಾ ಕೇಳಾವ, ನಿಮ್ಮ ಉಸ್ತಾದ ಏನಂತಾನ? ಹಿಂಗ ಸದ್ದು ತುಂಬಿ, ನನ್ನ ಅಂದಾಜು ಖರೆ ಏನಂತ ಕೇಳಿ ಮೂರು ಕ್ಯಾಸೆಟ್ ಕಳಿಸಿದೆ, ಒಂದಕ್ಕೂ ನಿಮ್ಮ ಜವಾಬಿಲ್ಲ. ಇಲ್ಲಿ ಐದು ದೇಶದ ಮಂದಿ ಅದಾರ. ಗೊತ್ತಿದ್ದದ್ದು ಎಲ್ಲಾರೂ ಬಾಯಿ ಬಿಟ್ಟು ಹೇಳ್ತಾರ. ಒಂದು ನಟ್ ಬಿಗಿದ್ರೂ ಸಾಹೇಬ ಶಾಬಾಸ್ ಅಂತಾನ. ನಿಮ್ಮ ಜವಾಬು ಬರ್ಲಿಲ್ಲಂತ ನನ್ನ ಮಾತು ನಂಬಲಾರ್ದೆ ಎಂಟು ದಿನ ಇಡೀ ಎಂಜಿನ್ ಬಿಚ್ಚಿಸ್ದ. ಕಡೀಕ ಹೋಗಿದ್ದು ಬೇರಿಂಗೇ."

ದನಿ ಇಳಿಯಿತು. "ನನ್ನ ಮ್ಯಾಲ ಸಿಟ್ಟಾಗೀರಿ ಅನಸ್ತದ. ದೀಪಾವಳಿಗಿ ಬಂದು ಮತ್ತ ನಿಮ್ಮ ಶೆಡ್ಡಿಗೇ ಸೇರಬೇಕಂದಿದ್ದೆ. ನಿಮಗ ಬ್ಯಾಡಂದ್ರ ಇಲ್ಲೇ ಇನ್ನೆರಡು ವರ್ಷಕ್ಕ ಸಹಿ ಮಾಡ್ತೇನಿ."

ಮಲ್ಕಮ್ಮ ಟೇಪು ನಿಲ್ಲಿಸಿದಳು. ಮನೆಯಲ್ಲಿ ಈ ಮಾತನ್ನು ಆಗಲೇ ನಾಲ್ಕು ಸಲ ಕೇಳಿ ಅತ್ತು ಬಂದಿದ್ದಳು.

"ಸಿಟ್ಟು ಯಾಕ?" ಗನಿ ಬೆರಗಾದರು. "ಮೂರಕ್ಕ ಮೂರೂ ಸರಿ ಹೇಳ್ಯಾನ. ಸರಿ ಇದ್ದದ್ದಕ್ಕ ಏನು ಜವಾಬು ಕೊಡ್ಲಿ? ತಪ್ಪಿದ್ರ ಬೈದು ಕಳಸ್ತಿದ್ದೆ. ಅವಗ ಗೊತ್ತಿಲ್ಲೇನು?"

ಅವನಿಗೇನು, ಜೇವರ್ಗಿಗೆಲ್ಲ ಗೊತ್ತಿತ್ತು. ಗನಿಯವರ ಶೆಡ್ಡಿನಲ್ಲಿ ಬೈಗುಳ ಬಿದ್ದರೆ ತಪ್ಪು, ಬೀಳದಿದ್ದರೆ ಸರಿ. ತೀರಾ ಮನಸ್ಸು ತುಂಬಿದ ದಿನ ಉಸ್ತಾದರು ತಮ್ಮ ಚಹಾದಲ್ಲಿ ಅರ್ಧ ಕಪ್ಪಿನ ಕೆಳಗಿನ ಬಸಿಗೆ ಸುರಿದು, ಎತ್ತಲೋ ನೋಡುತ್ತ ಬೀರಣ್ಣನ ಕಡೆ ಸರಿಸುತ್ತಿದ್ದರು. ಅವನು ಕುಡಿದು ಮುಂದಿನ ಎಂಜಿನ್ನಿಗೆ ಕೈ ಹಾಕುತ್ತಿದ್ದ.

"ಕ್ಯಾಸೆಟ್ಟಿನ್ಯಾಗ ಬಸಿ ಹೆಂಗ ಸರಸ್ತೀರಿ ಕಾಕಾ?" ಅಂದಳು ಮಲ್ಕಮ್ಮ. "ಇಲ್ಲಿದ್ದಾಗ ಅವ್ರು ನಿಮ್ಮ ಮಾರಿ ನೋಡಿ ತಿಳ್ಕೊಂತಿದ್ರು. ಅಲ್ಲಿಗಿ ನಿಮ್ಮ ಮಾರಿ ಕಾಣ್ತದೇನ್ರಿ? ನಾಲ್ಕು ವರ್ಷ ಆತು, ಬರೇ ದನಿ ಕೇಳ್ಕೋತ ಕುಂತೇನಿ. ಇನ್ನೆರಡು ವರ್ಷ ನನ್ನ ಕೈಲೆ ಆಗಂಗಿಲ್ರಿ."

ಗನಿಯವರಿಗೂ ಆಗುತ್ತಿರಲಿಲ್ಲ; ಅವನು ಹೋದ ಮೇಲೆ ಈ ಶೆಡ್ಡಿನಲ್ಲಿ ಬೈಸಿಕೊಳ್ಳಲಿಕ್ಕೂ ಒಬ್ಬನಿರಲಿಲ್ಲ. ಆಕೆ ಖಾಲಿ ಕ್ಯಾಸೆಟ್ಟು ಹಾಕಿ ರೆಕಾರ್ಡಿಗಿಟ್ಟಳು.

"ಬೀರಣ್ಣ," ಅಂದರು. ಊರ ಗೌಡರನ್ನೂ ಬಿಡದೆ ಬೈದ ಬಾಯಿ, ಒಂದು ಒಳ್ಳೆಯ ಮಾತಿಗೆ ಒಣಗಿತು.

"ನೀ ಬಾ," ಅಂದರು ಕೊನೆಗೆ. "ಬೇರಿಂಗ್ ಅಂದಿದ್ದು ಸರಿ ಅದ. ಅದರ ಹಿಂದಿನದೂ ಸರಿ ಇತ್ತು. ಅದರ ಹಿಂದಿನದೂ." ಮಾತು ನಿಲ್ಲಲಿಲ್ಲ. "ಕೊಳಕೂರ ಶಿವರಾಯನ ಎಂಜಿನ್ ನೀ ಒಬ್ಬನೇ ಕೂಡಿಸಿದ್ದಿ, ಅದೂ ಸರಿ ಇತ್ತು. ಮಳ್ಯಾಗ ತೊಯ್ಕೋತ ಮಾಡಿದ ಪಂಪು, ಅದೂ. ಎಂಜಿನ್ನಿನ ನಾಜಲ್ ಕೆಡಿಸಿದಿ ಅಂತ ಮಂದಿ ಮುಂದ ಬೈದಿದ್ನಲ್ಲ... ಅವತ್ತು ತಪ್ಪು ನಂದಿತ್ತು."

ಹೊರಗೆ ಬಿಸಿಲು ಇಳಿಯಿತು. ಅರ್ಧ ತಾಸಿನ ಟೇಪು ಮುಗಿದು ರೆಕಾರ್ಡರಿನ ಗುಂಡಿ ಟಕ್ಕನೆ ಮೇಲೆದ್ದಿತು. ಗನಿಯವರಿಗೆ ಕೇಳಿಸಲಿಲ್ಲ. ಅವರಿನ್ನೂ ಬೀರಣ್ಣನ ಒಂಬತ್ತು ವರ್ಷದಲ್ಲಿ ಎರಡನೇ ವರ್ಷದ ಕೆಲಸಗಳನ್ನೇ ಹೇಳುತ್ತಿದ್ದರು.